ಎಲ್ಲಿಗೆ ಹೋಗಿ ಕೂತಿತು ಅಂತ ಅಮ್ಮ ಕೇಳಿದಳು

ನಮ್ಮಮ್ಮ ಅರಸೀಕೆರೆಯಲ್ಲಿ ಬಟ್ಟೆ ಹೊಲಿಯುತ್ತಾಳೆ. ಬ್ಲೌಸು, ಚೂಡಿದಾರ, ಜೂನ್ ಬಂತೆಂದರೆ ರಾಶಿ ರಾಶಿ ಶಾಲೆ ಯೂನಿಫಾರ್ಮು. ನಮ್ಮ ಬೀದಿಯ ಒಬ್ಬ ಹುಡುಗನ ಅಂಗಿಯನ್ನು ಮಾತ್ರ ಅವಳು ಬೇರೆ ಥರ ಹೊಲಿಯುತ್ತಾಳೆ. ಅವನಿಗೆ ಥಲಸ್ಸೀಮಿಯಾ, ರಕ್ತದಲ್ಲಿ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಕಾಯಿಲೆ. ಮೂರು ವಾರಕ್ಕೊಮ್ಮೆ ಹಾಸನಕ್ಕೆ ಹೋಗಿ ರಕ್ತ ಹಾಕಿಸಿಕೊಂಡು ಬರುತ್ತಾನೆ. ಗುಲ್ಮ ಊದಿಕೊಂಡು ಹೊಟ್ಟೆ ಸ್ವಲ್ಪ ಮುಂದಕ್ಕೆ ಬಂದಿದೆ. ಅದಕ್ಕೆ ಅಮ್ಮ ಹೊಟ್ಟೆಯ ಹತ್ತಿರ ಎರಡಿಂಚು ಜಾಸ್ತಿ ಬಿಡುತ್ತಾಳೆ. ಭುಜದ ಅಳತೆ, ತೋಳಿನ ಅಳತೆ ಎಲ್ಲ ಸರಿಯಾಗೇ ಇಟ್ಟು, ಪಕ್ಕದ ಹೊಲಿಗೆಯಲ್ಲಿ ಮಾತ್ರ ಆ ಎರಡಿಂಚನ್ನು ಸೇರಿಸುತ್ತಾಳೆ. ಬೇರೆ ಮಕ್ಕಳ ಜೊತೆ ಸಾಲಿನಲ್ಲಿ ನಿಂತರೆ ಯಾರಿಗೂ ಗೊತ್ತಾಗುವುದಿಲ್ಲ.

ಹೋದ ವರ್ಷ ಯುಗಾದಿಗೆ ಊರಿಗೆ ಹೋಗಿದ್ದಾಗ ಆ ಅಂಗಿಗೆ ಗುಂಡಿ ಹಾಕುತ್ತಾ ಕೇಳಿದಳು. "ಅಲ್ಲ ಕಣೇ, ನೀನು ಜೀನ್ ಹಾಕೋ ಕೆಲಸ ಮಾಡ್ತೀನಿ ಅಂತೀಯಲ್ಲ. ಈ ಮಗೂಗೆ ಒಂದು ಒಳ್ಳೆ ಜೀನ್ ಹಾಕಿದ್ರೆ ಆಗಲ್ವಾ?"

ಆಗುತ್ತದೆ ಅಮ್ಮ, ಹಾಗೇ ಮಾಡುವ ಚಿಕಿತ್ಸೆ ಬಂದಿದೆ ಅಂದೆ. ಅಮೆರಿಕದಲ್ಲಿ 2022ರಲ್ಲಿ ಅನುಮತಿ ಸಿಕ್ಕಿತು, ಬೆಲೆ 28 ಲಕ್ಷ ಡಾಲರ್ ಅಂದೆ. ಬೆಲೆ ಕೇಳಿ ಅವಳು ಸುಮ್ಮನಾಗಲಿಲ್ಲ. "ಹಾಕಿದ ಮೇಲೆ ಅದು ಎಲ್ಲಿಗೆ ಹೋಗಿ ಕೂರುತ್ತೆ?" ಅಂದಳು.

ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಪ್ರಾಜೆಕ್ಟ್ ಅಸೋಸಿಯೇಟ್. ಮೂರು ವರ್ಷದಿಂದ ಮನುಷ್ಯರ ಕೋಶಗಳೊಳಗೆ ಜೀನ್ ಸೇರಿಸುವ ಕೆಲಸ ಮಾಡುತ್ತಿದ್ದೇನೆ. ನನ್ನ ಕೆಲಸದ ಬಗ್ಗೆ ಇಷ್ಟು ಸರಿಯಾದ ಪ್ರಶ್ನೆಯನ್ನು ಬೇರೆ ಯಾರೂ ಕೇಳಿರಲಿಲ್ಲ. ಅವಳಿಗೆ ಅವತ್ತು ಅರ್ಧ ಉತ್ತರ ಕೊಟ್ಟಿದ್ದೆ. ಪೂರ್ತಿ ಉತ್ತರ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ದುಬಾರಿ ಚಿಕಿತ್ಸೆಯ ವಿಷಯ. ಅದರಲ್ಲಿ ಜೀನನ್ನು ಹೊತ್ತುಕೊಂಡು ಹೋಗುವುದು ಲೆಂಟಿವೈರಸ್. ಎಚ್‌ಐವಿಯ ಕುಟುಂಬದ್ದು, ರೋಗ ತರುವ ಭಾಗಗಳನ್ನು ತೆಗೆದುಹಾಕಿದ್ದು. ಅದು ಕೋಶದೊಳಗೆ ಹೋಗಿ ತಾನು ತಂದ ಜೀನನ್ನು ನಮ್ಮ ಡಿಎನ್‌ಎಯಲ್ಲಿ ಸೇರಿಸಿಬಿಡುತ್ತದೆ. ಎಲ್ಲಿ ಅಂತ ನಾವು ಹೇಳಲು ಆಗುವುದಿಲ್ಲ. ನಮ್ಮ ಡಿಎನ್‌ಎಯಲ್ಲಿ ಒಂದು ಪ್ರತಿಗೆ ಸುಮಾರು 300 ಕೋಟಿ ಅಕ್ಷರಗಳಿವೆ. ಕೆಲಸ ಮಾಡುತ್ತಿರುವ ಜೀನುಗಳ ಒಳಗೆ ಕೂರುವುದು ಲೆಂಟಿವೈರಸ್ಸಿಗೆ ಸ್ವಲ್ಪ ಇಷ್ಟ, ಅಷ್ಟು ಗೊತ್ತು. ಒಂದು ಲಕ್ಷ ಕೋಶಗಳಿಗೆ ಹಾಕಿದರೆ ಒಂದೊಂದರಲ್ಲೂ ಒಂದೊಂದು ಜಾಗ.

ಜಾಗ ತಪ್ಪಿದರೆ ಏನಾಗಬಹುದು ಅಂತ ಪ್ಯಾರಿಸ್ಸಿನಲ್ಲಿ ಗೊತ್ತಾಯಿತು. ಹುಟ್ಟುವಾಗಲೇ ರೋಗನಿರೋಧಕ ಶಕ್ತಿ ಇಲ್ಲದ ಗಂಡುಮಕ್ಕಳಿಗೆ ಅಲೆನ್ ಫಿಶರ್ ಮತ್ತು ಮರೀನಾ ಕವಜಾನಾ ಅವರ ತಂಡ 1999ರಲ್ಲಿ ಜೀನ್ ಚಿಕಿತ್ಸೆ ಶುರು ಮಾಡಿತು. ಆಮೇಲೆ ಲಂಡನ್ನಿನಲ್ಲೂ ಅದೇ ಥರದ ಪ್ರಯೋಗ ನಡೆಯಿತು. ಎರಡೂ ಕಡೆ ಸೇರಿ 20 ಮಕ್ಕಳು. ಒಂದು ನೆಗಡಿಯೂ ಪ್ರಾಣಕ್ಕೆ ಕುತ್ತಾಗಬಹುದಾಗಿದ್ದ ಮಕ್ಕಳು ಮನೆಗೆ ಹೋದರು, ಎಲ್ಲರ ಹಾಗೆ ಬೆಳೆದರು. ಆದರೆ 2002ರಲ್ಲಿ ಒಬ್ಬನಿಗೆ ರಕ್ತದ ಕ್ಯಾನ್ಸರ್ ಬಂತು. ಆಮೇಲೆ ಇನ್ನೊಬ್ಬನಿಗೆ. ಕೊನೆಗೆ 20ರಲ್ಲಿ 5 ಮಕ್ಕಳಿಗೆ ಬಂತು. ಅವರಲ್ಲಿ ಒಬ್ಬ ತೀರಿಕೊಂಡ. ಅಲ್ಲಿ ಬಳಸಿದ್ದು ಹಳೆ ಥರದ ರೆಟ್ರೋವೈರಸ್. ಹೆಚ್ಚಿನವರಲ್ಲಿ ಅದು ಎಲ್‌ಎಂಒ2 ಎಂಬ ಜೀನಿನ ಪಕ್ಕ ಹೋಗಿ ಕೂತಿತ್ತು. ವೈರಸ್ಸಿನ ಜೋರಾದ ಸ್ವಿಚ್ಚು ಪಕ್ಕದ ಮನೆಯ ದೀಪವನ್ನೂ ಹಚ್ಚಿಬಿಟ್ಟಿತು. ತೆಪ್ಪಗಿರಬೇಕಾದ ಜೀನ್ ಎದ್ದು ಕೂತಿತು, ಕೋಶ ಲಂಗುಲಗಾಮಿಲ್ಲದೆ ಬೆಳೆಯಿತು.

ಹಾಕಿದ ಜೀನಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಈ ವಿಷಯವನ್ನು ನಾನು ಎಂ.ಎಸ್ಸಿ. ಓದುವಾಗ ಮೊದಲು ಓದಿದೆ. ಅವತ್ತಿನಿಂದ ಜಾಗದ ಯೋಚನೆ ನನ್ನ ತಲೆ ಬಿಟ್ಟು ಹೋಗಿಲ್ಲ. ಈಗಿನ ಲೆಂಟಿವೈರಸ್ಸುಗಳಲ್ಲಿ ಆ ಜೋರಾದ ಸ್ವಿಚ್ಚನ್ನು ಕಿತ್ತು ಹಾಕಿದ್ದಾರೆ, ಅಪಾಯ ತುಂಬ ಕಡಿಮೆಯಾಗಿದೆ. ಆದರೂ ಎಲ್ಲಿ ಕೂರಬೇಕು ಅಂತ ತೀರ್ಮಾನಿಸುವುದು ಈಗಲೂ ವೈರಸ್ಸೇ.

ನನ್ನದೇ ಅನುಭವ ಇಷ್ಟು ದೊಡ್ಡದಲ್ಲ. ಮೊದಲ ವರ್ಷ ನಾನೂ ಲೆಂಟಿವೈರಸ್ಸಿನಿಂದಲೇ ಕೋಶಗಳಿಗೆ ಜಿಎಫ್‌ಪಿ ಹಾಕಿದ್ದೆ. ಹಸಿರಾಗಿ ಹೊಳೆಯುವ ಪ್ರೋಟೀನ್ ಅದು, ಮೂಲತಃ ಒಂದು ಜೆಲ್ಲಿಫಿಶ್‌ನದು. ಮೈಕ್ರೋಸ್ಕೋಪಿನ ಕೋಣೆಯ ಲೈಟು ಆರಿಸಿ ನೋಡಿದರೆ ಹಬ್ಬದ ದೀಪ ಸಾಲಾಗಿ ಹಚ್ಚಿಟ್ಟ ಹಾಗೆ ಕಾಣುತ್ತಿತ್ತು. ಫೋಟೋ ತೆಗೆದು ಮನೆಗೆ ಕಳಿಸಿದ್ದೆ. ಎರಡು ತಿಂಗಳಲ್ಲಿ ಆ ದೀಪಗಳು ಒಂದೊಂದಾಗಿ ಮಂಕಾದವು. ಕೋಶಗಳು ಸತ್ತಿರಲಿಲ್ಲ. ಚೆನ್ನಾಗಿ ಬೆಳೆಯುತ್ತಿದ್ದವು. ಜೀನ್ ಕೂಡ ಒಳಗೇ ಇತ್ತು. ಹೊರಗಿಂದ ಬಂದ ಸ್ವಿಚ್ಚಿನ ಮೇಲೆ ಕೋಶವೇ ಮೀಥೈಲ್ ಎಂಬ ರಾಸಾಯನಿಕ ಗುರುತುಗಳನ್ನು ಹಾಕಿ ಮುಚ್ಚಿಬಿಟ್ಟಿತ್ತು. ಡಿಎನ್‌ಎಯಲ್ಲಿ ಕೆಲವು ಜಾಗ ಬಿಗಿಯಾಗಿ ಸುತ್ತಿಟ್ಟ ಹಾಸಿಗೆಯ ಹಾಗೆ ಇರುತ್ತವೆ, ಅಲ್ಲಿ ಬಿದ್ದ ಜೀನನ್ನು ಯಾರೂ ಓದುವುದಿಲ್ಲ. ಕೆಲವು ಜಾಗ ಬಿಚ್ಚಿಕೊಂಡಿರುತ್ತವೆ. ನನ್ನ ತಟ್ಟೆಯಲ್ಲಿ ಎರಡೂ ಥರದವು ಇದ್ದವು, ಯಾವುದು ಯಾವುದು ಅಂತ ಗೊತ್ತಿರಲಿಲ್ಲ.

ಹಾಗಾಗಿ ಜಾಗವನ್ನು ನಾವೇ ಆರಿಸೋಣ ಅಂತ ನಮ್ಮ ಲ್ಯಾಬು ನಡೆಸುವ ಮೇಡಂ ಹೇಳಿದರು. ಆರಿಸಿದ್ದು ಎಎವಿಎಸ್‌1.

ಇದು 19ನೇ ಕ್ರೋಮೋಸೋಮಿನಲ್ಲಿದೆ. ಪಿಪಿಪಿ1ಆರ್12ಸಿ ಎಂಬ ಜೀನಿನ ಮೊದಲ ಇಂಟ್ರಾನಿನೊಳಗೆ, ಅಂದರೆ ಪ್ರೋಟೀನ್ ಮಾಡಲು ಬೇಕಾಗದ ನಡುವಿನ ತುಂಡಿನೊಳಗೆ. ಈ ಜಾಗವನ್ನು ವಿಜ್ಞಾನಿಗಳು ಹುಡುಕಿದ್ದಲ್ಲ, ಒಂದು ವೈರಸ್ ತೋರಿಸಿಕೊಟ್ಟಿದ್ದು. ಎಎವಿ ಎಂಬ ಪುಟ್ಟ ವೈರಸ್ ಮನುಷ್ಯರ ಕೋಶಕ್ಕೆ ಬಂದಾಗ ಬೇರೆಲ್ಲ ಬಿಟ್ಟು ಹೆಚ್ಚಾಗಿ ಇಲ್ಲಿಗೇ ಬಂದು ಸೇರಿಕೊಳ್ಳುತ್ತದೆ ಅಂತ 1990ರ ಸುಮಾರಿಗೆ ಗೊತ್ತಾಯಿತು. ಎಷ್ಟೋ ಜನರ ಮೈಯಲ್ಲಿ ಈ ವೈರಸ್ ಬಂದು ಹೋಗಿರುತ್ತದೆ, ಹೆಚ್ಚಿನವರಿಗೆ ಅದರಿಂದ ಏನೂ ತೊಂದರೆ ಆಗಿರುವುದಿಲ್ಲ. ಜಾಗವೂ ಬಿಚ್ಚಿಕೊಂಡಿದೆ, ಹೆಚ್ಚಿನ ಥರದ ಕೋಶಗಳಲ್ಲಿ ಜೀನ್ ಆರಾಮಾಗಿ ಕೆಲಸ ಮಾಡುತ್ತದೆ. ಇಂಥ ಜಾಗಕ್ಕೆ ಇಂಗ್ಲಿಷಿನಲ್ಲಿ ಸೇಫ್ ಹಾರ್ಬರ್ ಅನ್ನುತ್ತಾರೆ. ನನಗೆ ಆ ಹೆಸರಿನ ಮೇಲೆ ಪೂರ್ತಿ ನಂಬಿಕೆ ಇಲ್ಲ. ಅಲ್ಲಿ ಮೊದಲೇ ಒಂದು ಜೀನ್ ವಾಸವಾಗಿದೆ, ನಾವು ಹೋಗಿ ಅದರ ಹಜಾರದಲ್ಲಿ ಮಂಚ ಹಾಕುತ್ತೇವೆ. ತಟ್ಟೆಯಲ್ಲಿರುವ ಕೋಶಕ್ಕೆ ಏನೂ ತೊಂದರೆ ಕಾಣುವುದಿಲ್ಲ, ಸರಿ. ಒಂದು ಮಗುವಿನ ಮೈಯಲ್ಲಿ 60 ವರ್ಷ ಇರಬೇಕಾದ ಕೋಶಕ್ಕೆ 'ಸೇಫ್' ಎಂಬ ಪದವನ್ನು ಇಷ್ಟು ಸಲೀಸಾಗಿ ಬಳಸಬಾರದು.

ನಾನು ಬಳಸಿದ್ದು ಎಚ್‌ಇಕೆ 293 ಕೋಶಗಳು. ಲ್ಯಾಬಿನಲ್ಲಿ ಎಲ್ಲರೂ 'ಹೆಕ್' ಅನ್ನುತ್ತೇವೆ. 1973ರಲ್ಲಿ ನೆದರ್‌ಲ್ಯಾಂಡ್ಸಿನ ಲೈಡನ್‌ನಲ್ಲಿ ಫ್ರಾಂಕ್ ಗ್ರಹಾಂ ಮಾಡಿದ್ದು. ಅವರ 293ನೇ ಪ್ರಯೋಗ, ಅದಕ್ಕೇ ಆ ಸಂಖ್ಯೆ. ಮನುಷ್ಯ ಭ್ರೂಣದ ಮೂತ್ರಪಿಂಡದ ಕೋಶಗಳಿಗೆ ಅಡಿನೋವೈರಸ್ಸಿನ ಡಿಎನ್‌ಎ ಚೂರುಗಳನ್ನು ಹಾಕಿದರು, ಒಂದು ಚೂರು ತನಗೆ ತೋಚಿದ ಕಡೆ ಹೋಗಿ ಕೂತಿತು. ಅಲ್ಲಿಂದ ಆ ಕೋಶಗಳು ಸಾಯದೆ ಇವತ್ತಿಗೂ ಬೆಳೆಯುತ್ತಲೇ ಇವೆ. ಆ ಚೂರು ಕೂತಿರುವುದು ಎಲ್ಲಿ ಗೊತ್ತಾ? ಅದೂ 19ನೇ ಕ್ರೋಮೋಸೋಮಿನಲ್ಲೇ. ಇದನ್ನು ಓದಿದ ದಿನ ನನಗೆ ಒಂಥರಾ ಮೈ ಜುಂ ಅಂದಿತು. ತೋಚಿದ ಕಡೆ ಬಿದ್ದ ಒಂದು ಜೀನಿನಿಂದ ಹುಟ್ಟಿದ ಕೋಶಕ್ಕೆ, ಅದೇ ಕ್ರೋಮೋಸೋಮಿನಲ್ಲಿ, ಅಳೆದು ಗುರುತು ಮಾಡಿದ ಜಾಗದಲ್ಲಿ ಜೀನ್ ಹಾಕಲು ಹೊರಟಿದ್ದೆ.

ಹಾಕುವುದು ಹೇಗೆ? ಇಲ್ಲಿ ಅಮ್ಮನ ಕೆಲಸವೇ ನನಗೆ ವಿವರಿಸಲು ಸಹಾಯಕ್ಕೆ ಬಂತು.

ಹರಿದ ಬಟ್ಟೆಗೆ ತೇಪೆ ಹಾಕುವಾಗ ತೂತಿನಷ್ಟೇ ಅಳತೆಗೆ ತುಂಡು ಕತ್ತರಿಸಿದರೆ ಆಗುವುದಿಲ್ಲ. ಸುತ್ತ ಮಾರ್ಜಿನ್ ಬಿಡಬೇಕು. ಬಟ್ಟೆಯ ಡಿಸೈನು ತೇಪೆಯ ಅಂಚಿನ ಡಿಸೈನಿಗೆ ಕೂಡಬೇಕು, ಗೆರೆಗೆ ಗೆರೆ ಸೇರಬೇಕು. ನಾವೂ ಹಾಗೇ ಮಾಡುತ್ತೇವೆ. ಹಾಕಬೇಕಾದ ಜೀನಿನ ಎಡಕ್ಕೆ 800 ಅಕ್ಷರ, ಬಲಕ್ಕೆ 800 ಅಕ್ಷರ, ಎಎವಿಎಸ್‌1ರ ಆಚೀಚೆ ಇರುವ ಅಕ್ಷರಗಳನ್ನೇ ಯಥಾವತ್ತಾಗಿ ಬರೆದಿಟ್ಟಿರುತ್ತೇವೆ. ಇವಕ್ಕೆ ಹೋಮಾಲಜಿ ಆರ್ಮ್ ಅನ್ನುತ್ತಾರೆ. ಕೋಶ ತನ್ನ ಡಿಎನ್‌ಎ ತುಂಡಾದಾಗ ಅದೇ ಅಕ್ಷರಗಳಿರುವ ಇನ್ನೊಂದು ಪ್ರತಿಯನ್ನು ಹುಡುಕಿ, ನೋಡಿ ನಕಲು ಮಾಡಿ ರಿಪೇರಿ ಮಾಡಿಕೊಳ್ಳುತ್ತದೆ. ನಮ್ಮ ತುಂಡು ಸಿಕ್ಕಿದರೆ ಅಂಚು ಕೂಡಿಸುತ್ತದೆ, ನಡುವೆ ಇರುವ ಹೊಸ ಜೀನೂ ಸೇರಿಹೋಗುತ್ತದೆ.

ಈ ಉಪಾಯ ಡಿಎನ್‌ಎ ಕತ್ತರಿಸುವ ಸಾಧನವಾದ ಕ್ರಿಸ್ಪರ್‌ಗಿಂತ ಎಷ್ಟೋ ಹಳೆಯದು. ಆಲಿವರ್ ಸ್ಮಿಥೀಸ್ ಎಂಬ ವಿಜ್ಞಾನಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದಾಗ 1985ರಲ್ಲಿ ಮನುಷ್ಯ ಕೋಶದ ಒಂದು ನಿರ್ದಿಷ್ಟ ಜಾಗಕ್ಕೆ ಹೀಗೆ ಡಿಎನ್‌ಎ ಸೇರಿಸಿ ತೋರಿಸಿದರು. ಅವರು ಆರಿಸಿದ ಜಾಗ ಯಾವುದು ಅಂದರೆ ಬೀಟಾ ಗ್ಲೋಬಿನ್, ಹಿಮೋಗ್ಲೋಬಿನ್ನಿನ ಒಂದು ಭಾಗ ಮಾಡುವ ಜೀನ್. ನಮ್ಮ ಬೀದಿಯ ಹುಡುಗನಲ್ಲಿ ಕೆಟ್ಟಿರುವ ಜೀನ್ ಅದೇ! 2007ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಆಗ ಅದು ತೀರಾ ಅಪರೂಪಕ್ಕೆ ಆಗುತ್ತಿದ್ದ ಘಟನೆ. ಸರಿಯಾದ ಜಾಗಕ್ಕೆ ಹೋಗಿದ್ದಕ್ಕಿಂತ ಎಲ್ಲೆಲ್ಲೋ ಸೇರಿದ್ದೇ ಎಷ್ಟೋ ಪಟ್ಟು ಜಾಸ್ತಿ. ಯಾಕೆಂದರೆ ಬಟ್ಟೆ ಹರಿದಿರಲೇ ಇಲ್ಲ. ಹರಿಯದ ಬಟ್ಟೆಗೆ ತೇಪೆ ಯಾರು ಹಾಕುತ್ತಾರೆ?

ಬೇಕಾದ ಜಾಗದಲ್ಲೇ ಮೊದಲು ಕತ್ತರಿಸಿದರೆ ಆ ರಿಪೇರಿ ನೂರಾರು ಪಟ್ಟು ಹೆಚ್ಚುತ್ತದೆ ಅಂತ ನ್ಯೂಯಾರ್ಕಿನಲ್ಲಿ ಮರಿಯಾ ಜಾಸಿನ್ ಅವರ ತಂಡ 1994ರಲ್ಲಿ ತೋರಿಸಿತು. ಅವರ ಕತ್ತರಿ ಯೀಸ್ಟಿನಿಂದ ತಂದದ್ದು, ಅದು 18 ಅಕ್ಷರದ ಒಂದೇ ಒಂದು ಗುರುತನ್ನು ಮಾತ್ರ ಕತ್ತರಿಸುತ್ತಿತ್ತು. ಮನುಷ್ಯರ ಡಿಎನ್‌ಎಯಲ್ಲಿ ಆ ಗುರುತು ಇಲ್ಲ, ಮೊದಲು ನಾವೇ ಹಾಕಿಕೊಳ್ಳಬೇಕಿತ್ತು. ಆಮೇಲೆ ಜಿಂಕ್ ಫಿಂಗರ್ ಎಂಬ ಕತ್ತರಿ ಬಂತು. ಆಮೇಲೆ 2012ರಲ್ಲಿ ಜೆನಿಫರ್ ಡೌಡ್ನಾ, ಇಮಾನ್ಯುಯೆಲ್ ಶಾರ್ಪಾಂಟ್ಯೆ ಅವರ ಕ್ರಿಸ್ಪರ್. 20 ಅಕ್ಷರದ ಆರ್‌ಎನ್‌ಎ ಬರೆಸಿಕೊಂಡರೆ ಮುಗಿಯಿತು, ಕತ್ತರಿ ಅಲ್ಲಿಗೇ ಹೋಗುತ್ತದೆ. ಈ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಮುಂದಕ್ಕೆ ಹೋಗುತ್ತೇನೆ. ಜಾಸಿನ್ ಅವರ ಹೆಸರು ಮಾತ್ರ ನಮ್ಮ ಕಡೆ ಅಷ್ಟಾಗಿ ಕೇಳಿಬರುವುದಿಲ್ಲ, ಅದು ನನಗೆ ಬೇಜಾರು.

ಕತ್ತರಿಸುವುದು ಈಗ ಸುಲಭ. ಕಷ್ಟ ಇರುವುದು ಆಮೇಲೆ. ಕೋಶಕ್ಕೆ ತುಂಡಾದ ಡಿಎನ್‌ಎ ಕಂಡರೆ ಗಾಬರಿ. ತೇಪೆ ಹುಡುಕುತ್ತಾ ಕೂರುವ ಬದಲು ಎರಡು ತುದಿಗಳನ್ನು ಎಳೆದು ಅಂಟಿಸಿಬಿಡುವುದೇ ಹೆಚ್ಚು. ಅಂಟಿಸುವಾಗ ಒಂದೆರಡು ಅಕ್ಷರ ಬಿದ್ದೂ ಹೋಗುತ್ತವೆ. ನಿಧಾನವಾಗಿ ಅಂಚು ಕೂಡಿಸುವ ರಿಪೇರಿ, ಕೋಶ ಎರಡಾಗಲು ತಯಾರಾಗುವಾಗ ಮಾತ್ರ ನಡೆಯುತ್ತದೆ.

ಅದಕ್ಕೆ ನಮ್ಮ ತುಂಡಿನಲ್ಲಿ ಒಂದು ಜಾಣತನ ಮಾಡಿರುತ್ತಾರೆ. ಅದನ್ನು ನೋಡಿದಾಗಲೆಲ್ಲ ನನಗೆ ಖುಷಿಯಾಗುತ್ತದೆ. ಪ್ಯೂರೋಮೈಸಿನ್ ಎಂಬ ಔಷಧಿ ಹಾಕಿದರೆ ಹೆಕ್ ಕೋಶಗಳು ಎರಡು ಮೂರು ದಿನದಲ್ಲಿ ಸಾಯುತ್ತವೆ. ಅದನ್ನು ತಡೆಯುವ ಜೀನನ್ನು ಜಿಎಫ್‌ಪಿ ಜೊತೆ ಕಳಿಸುತ್ತೇವೆ. ಆದರೆ ಆ ಜೀನಿಗೆ ಸ್ವಂತ ಸ್ವಿಚ್ಚು ಇಟ್ಟಿರುವುದಿಲ್ಲ. ಪಿಪಿಪಿ1ಆರ್12ಸಿ ಜೀನಿನೊಳಗೆ ಹೋಗಿ ಕೂತರೆ ಆ ಜೀನಿನ ಸ್ವಿಚ್ಚೇ ಇದನ್ನೂ ಓಡಿಸುತ್ತದೆ. ಬೇರೆಲ್ಲೋ ಬಿದ್ದರೆ ಸಾಮಾನ್ಯವಾಗಿ ಓಡುವುದಿಲ್ಲ, ಕೋಶ ಸಾಯುತ್ತದೆ. ಸರಿಯಾದ ವಿಳಾಸಕ್ಕೆ ತಲುಪಿದವನಿಗೆ ಮಾತ್ರ ಊಟ ಅಂದ ಹಾಗೆ.

ಸೋಮವಾರ ಕತ್ತರಿ ಮತ್ತು ತುಂಡು ಎರಡನ್ನೂ ಕೋಶಗಳಿಗೆ ಹಾಕಿದೆ. ಬುಧವಾರದಿಂದ ಪ್ಯೂರೋಮೈಸಿನ್, ಮಿಲಿಲೀಟರಿಗೆ 1 ಮೈಕ್ರೋಗ್ರಾಂ. ಶನಿವಾರ ತಟ್ಟೆ ನೋಡಿದರೆ ಸತ್ತ ಕೋಶಗಳು ಹೊಟ್ಟು ತೇಲುವ ಹಾಗೆ ತೇಲುತ್ತಿದ್ದವು. ಕೆಳಗೆ ಅಲ್ಲೊಂದು ಇಲ್ಲೊಂದು ಕೋಶ ಅಂಟಿಕೊಂಡಿತ್ತು. ಹತ್ತು ದಿನಕ್ಕೆ ಅವು ಪುಟ್ಟ ಪುಟ್ಟ ಗುಂಪುಗಳಾದವು. ಒಂದೊಂದು ಗುಂಪೂ ಒಂದೇ ಕೋಶದ ಸಂತಾನ, ಅದಕ್ಕೆ ಕ್ಲೋನ್ ಅನ್ನುತ್ತೇವೆ. ಮೈಕ್ರೋಸ್ಕೋಪಿನ ಕೆಳಗೆ ಪಿಪೆಟ್ಟಿನ ತುದಿಯಿಂದ ಮೆಲ್ಲಗೆ ಕೆರೆದು 24 ಕ್ಲೋನುಗಳನ್ನು ತಟ್ಟೆಯ ಬೇರೆ ಬೇರೆ ಗುಳಿಗಳಿಗೆ ಹಾಕಿದೆ. ಉಸಿರು ಬಿಗಿಹಿಡಿದು ಮಾಡುವ ಕೆಲಸ ಇದು. ಆಮೇಲೆ ಮೂರು ವಾರ ಅವನ್ನು ಬೆಳೆಸಬೇಕು. ಭಾನುವಾರವೂ ಹೋಗಿ ಆಹಾರ ಬದಲಿಸಬೇಕು. ನನ್ನ ತಂಗಿಯ ನಿಶ್ಚಿತಾರ್ಥದ ದಿನ ಬೆಳಿಗ್ಗೆ ಐದಕ್ಕೆ ಲ್ಯಾಬಿಗೆ ಹೋಗಿ ಆಹಾರ ಹಾಕಿ, ಅಲ್ಲಿಂದ ನೇರ ರೈಲು ಹತ್ತಿದ್ದೆ.

ಈಗ ಅಮ್ಮನ ಪ್ರಶ್ನೆ. ಎಲ್ಲಿಗೆ ಹೋಗಿ ಕೂತಿತು? ಹಸಿರಾಗಿ ಹೊಳೆದರೆ ಜೀನ್ ಒಳಗಿದೆ ಅಂತ ಮಾತ್ರ ಗೊತ್ತಾಗುತ್ತದೆ. ಜಾಗ ಗೊತ್ತಾಗಲು ಪಿಸಿಆರ್ ಮಾಡಬೇಕು. ಪಿಸಿಆರ್‌ಗೆ ಎರಡು ಪ್ರೈಮರ್ ಬೇಕು. ಪ್ರೈಮರ್ ಅಂದರೆ 20 ಅಕ್ಷರದಷ್ಟು ಉದ್ದದ ಡಿಎನ್‌ಎ ಚೂರು. ಅವೆರಡೂ ಕೂತ ಜಾಗದ ನಡುವಿನ ಭಾಗ ಮಾತ್ರ ಕೋಟಿಗಟ್ಟಲೆ ಕಾಪಿ ಆಗುತ್ತದೆ. ಅದನ್ನು ಜೆಲ್ಲಿನಲ್ಲಿ ಓಡಿಸಿದರೆ ಒಂದು ಗೆರೆ ಕಾಣುತ್ತದೆ. ಒಂದು ಪ್ರೈಮರನ್ನು ಕ್ರೋಮೋಸೋಮಿನ ಮೇಲೂ ಇನ್ನೊಂದನ್ನು ನಮ್ಮ ಜೀನಿನ ಮೇಲೂ ಕೂರಿಸಿದರೆ, ಎರಡೂ ಒಂದೇ ದಾರದಲ್ಲಿ ಸೇರಿದ್ದಾಗ ಮಾತ್ರ ಗೆರೆ ಬರುತ್ತದೆ.

ನಾನು ಮಾಡಿದೆ. 24 ಕ್ಲೋನುಗಳಲ್ಲೂ ಗೆರೆ ಬಂತು. 24ಕ್ಕೆ 24! ಏನೂ ಹಾಕದ ಮಾಮೂಲಿ ಹೆಕ್ ಕೋಶದಲ್ಲಿ ಗೆರೆ ಇಲ್ಲ, ಅಂದರೆ ಪರೀಕ್ಷೆ ಸರಿಯಾಗೇ ಇದೆ ಅಂದುಕೊಂಡೆ. ಮೂರು ದಿನ ನೆಲದ ಮೇಲೆ ನಡೆಯಲಿಲ್ಲ. ಊರಿಗೆ ಫೋನ್ ಮಾಡಿ, ಅಮ್ಮ, ಎಲ್ಲವೂ ಸರಿಯಾದ ಜಾಗಕ್ಕೇ ಹೋಗಿವೆ ಅಂದೆ.

ಗುರುವಾರದ ಮೀಟಿಂಗಿನಲ್ಲಿ ಜೆಲ್ಲಿನ ಫೋಟೋ ತೋರಿಸಿದೆ. ಮೇಡಂ ಸ್ವಲ್ಪ ಹೊತ್ತು ನೋಡಿ ಒಂದೇ ಪ್ರಶ್ನೆ ಕೇಳಿದರು. "ಎಡಗಡೆ ಪ್ರೈಮರ್ ಎಲ್ಲಿ ಕೂರುತ್ತೆ, ಬೋರ್ಡ್ ಮೇಲೆ ಬರೆದು ತೋರಿಸಿ."

ಬರೆಯುತ್ತಾ ಬರೆಯುತ್ತಾ ಕೈ ನಿಂತುಹೋಯಿತು. ಆ ಪ್ರೈಮರ್ ಕೂರುವುದು ಎಡಗಡೆಯ ಆ 800 ಅಕ್ಷರಗಳ ಒಳಗೆ. ಆ ಅಕ್ಷರಗಳು ಕ್ರೋಮೋಸೋಮಿನಲ್ಲೂ ಇವೆ, ನಾನು ಹಾಕಿದ ತುಂಡಿನಲ್ಲೂ ಇವೆ. ಅಂದರೆ ತುಂಡು ಎಲ್ಲೇ ಬಿದ್ದಿರಲಿ, ಯಾವ ಮೂಲೆಗೇ ಸೇರಿರಲಿ, ಗೆರೆ ಬಂದೇ ಬರುತ್ತದೆ. ಕೋಶವೇ ಇಲ್ಲದೆ ಬರೀ ಪ್ಲಾಸ್ಮಿಡ್, ಅಂದರೆ ನಮ್ಮ ತುಂಡನ್ನು ಹೊತ್ತ ಡಿಎನ್‌ಎ ಉಂಗುರ, ಇಟ್ಟು ಓಡಿಸಿದರೂ ಬರುತ್ತದೆ. ಮಧ್ಯಾಹ್ನ ಓಡಿಸಿ ನೋಡಿದೆ, ಎಲ್ಲಕ್ಕಿಂತ ಜೋರಾದ ಗೆರೆ ಅದೇ ಆಗಿತ್ತು. ನಾನು ತೇಪೆಯ ಒಳಗಿನ ಹೊಲಿಗೆಯನ್ನು ನೋಡಿ, ಬಟ್ಟೆಗೆ ಚೆನ್ನಾಗಿ ಸೇರಿದೆ ಅಂತ ಹೇಳಿಕೊಂಡು ಓಡಾಡಿದ್ದೆ. ಅವತ್ತು ಸಂಜೆ ಯಶವಂತಪುರದವರೆಗೆ ಬಸ್ಸಿನಲ್ಲಿ ನಿಂತೇ ಬಂದೆ, ಸೀಟು ಖಾಲಿಯಾಗಿದ್ದು ಗೊತ್ತಾಗಲಿಲ್ಲ. ಎರಡು ತಿಂಗಳ ಕೆಲಸ. ಜೊತೆಗೆ ಅಮ್ಮನಿಗೆ ಫೋನ್ ಮಾಡಿ ಹೇಳಿದ್ದು ಬೇರೆ ಚುಚ್ಚುತ್ತಿತ್ತು.

ಹೊಸ ಪ್ರೈಮರ್ ಬರೆಸಿದೆ. ಈ ಸಲ ಆ 800 ಅಕ್ಷರದ ಆಚೆ, 150 ಅಕ್ಷರ ದೂರದಲ್ಲಿ, ತುಂಡಿನಲ್ಲಿ ಎಲ್ಲೂ ಇಲ್ಲದ ಕಡೆ. ಸರಿಯಾದ ಜಾಗಕ್ಕೆ ಕೂತಿದ್ದರೆ 1100 ಅಕ್ಷರದಷ್ಟು ಉದ್ದದ ಗೆರೆ ಬರಬೇಕು. ಬಲಗಡೆಗೂ ಅದೇ ಥರ ಒಂದು. ಅಮ್ಮ ಬ್ಲೌಸಿನ ತೋಳು ಕೂಡಿಸಿದ ಮೇಲೆ ಒಳಗಡೆ ತಿರುಗಿಸಿ ಎರಡೂ ಬದಿ ಬೆರಳಾಡಿಸಿ ನೋಡುತ್ತಾಳಲ್ಲ, ಆ ಥರ ಎರಡೂ ಬದಿ ನೋಡಲೇಬೇಕು. ಒಂದು ಬದಿ ಚೆನ್ನಾಗಿ ಕೂಡಿ ಇನ್ನೊಂದು ಬದಿ ಹೇಗ್ಹೇಗೋ ಅಂಟಿಕೊಂಡಿರುವುದು ತುಂಬ ಸಲ ಆಗುತ್ತದೆ.

ಎಡಗಡೆ ಸರಿ ಇದ್ದದ್ದು 17. ಎರಡೂ ಕಡೆ ಸರಿ ಇದ್ದದ್ದು 11. ಈ 11ರಲ್ಲೂ ಕೆಲವು ಕೋಶಗಳು ಸರಿಯಾದ ಜಾಗದಲ್ಲಿ ಒಂದು ಪ್ರತಿ ಇಟ್ಟುಕೊಂಡು, ಕದ್ದು ಇನ್ನೊಂದನ್ನು ಬೇರೆಲ್ಲೋ ಸೇರಿಸಿಕೊಂಡಿದ್ದವು. ಅದನ್ನು ಡಿಜಿಟಲ್ ಪಿಸಿಆರ್‌ನಲ್ಲಿ ಪ್ರತಿಗಳನ್ನು ಎಣಿಸಿ ಹಿಡಿಯಬೇಕು. ಅವನ್ನು ಬಿಟ್ಟರೆ 6 ಉಳಿದವು. ಆ ಆರರಲ್ಲಿ ಎಎವಿಎಸ್‌1ರ ಎಲ್ಲ ಪ್ರತಿಗಳಲ್ಲೂ ಜೀನ್ ಕೂತಿದ್ದು ಎರಡರಲ್ಲಿ ಮಾತ್ರ. 7ನೇ ಕ್ಲೋನ್, 22ನೇ ಕ್ಲೋನ್. ಎರಡೂ ಬದಿಯ ಕೂಡುವ ಜಾಗವನ್ನು ಸೀಕ್ವೆನ್ಸ್ ಮಾಡಿಸಿ ಒಂದೊಂದು ಅಕ್ಷರವನ್ನೂ ಸ್ಕೇಲ್ ಇಟ್ಟುಕೊಂಡು ಓದಿದೆ. ಒಂದಕ್ಷರವೂ ಆಚೀಚೆ ಆಗಿರಲಿಲ್ಲ.

ಹೋಲಿಕೆ ನ್ಯಾಯವಾಗಿರಲಿ ಅಂತ ಜಿಎಫ್‌ಪಿಗೆ ಅದೇ ಸ್ವಿಚ್ಚಿಟ್ಟು ಲೆಂಟಿವೈರಸ್ಸಿನಿಂದಲೂ ಕೋಶ ಮಾಡಿಕೊಂಡೆವು. ಪ್ಯೂರೋಮೈಸಿನ್ ನಿಲ್ಲಿಸಿ 60 ದಿನ ಎರಡನ್ನೂ ಬೆಳೆಸಿದೆವು. ಫ್ಲೋ ಸೈಟೋಮೀಟರಿನಲ್ಲಿ ಒಂದೊಂದು ಕೋಶದ ಹೊಳಪನ್ನೂ ಅಳೆಯಬಹುದು. ಲೆಂಟಿವೈರಸ್ಸಿನ ಕೋಶಗಳ ಚಿತ್ರ ಅಗಲವಾಗಿ ಹರಡಿದ ದಿಬ್ಬದ ಹಾಗಿತ್ತು, ಎರಡು ತಿಂಗಳಲ್ಲಿ ಎಡಕ್ಕೆ ಜರುಗುತ್ತಾ ಮಂಕಾಯಿತು. 7ನೇ ಕ್ಲೋನಿನದು ಒಂದೇ ಚೂಪು ಗೋಪುರ. ಮೊದಲ ದಿನ ಎಲ್ಲಿತ್ತೋ 60ನೇ ದಿನವೂ ಅಲ್ಲೇ. ಎರಡು ಚಿತ್ರಗಳನ್ನೂ ಒಂದರ ಮೇಲೊಂದು ಇಟ್ಟರೆ ಒಂದೇ ಗೆರೆ ಕಾಣುತ್ತಿತ್ತು. ನಾನು ಅದನ್ನು ಪ್ರಿಂಟ್ ತೆಗೆದು ಹಾಸ್ಟೆಲ್ ಕೋಣೆಯ ಗೋಡೆಗೆ ಅಂಟಿಸಿದ್ದೇನೆ.

ಇದರಿಂದ ನಮ್ಮ ಬೀದಿಯ ಹುಡುಗನಿಗೆ ಏನಾದರೂ ಆಗುತ್ತದಾ? ನೇರವಾಗಿ ಇಲ್ಲ, ಇನ್ನೂ ಇಲ್ಲ. ಆದರೆ ಜಾಗ ನೋಡಿ ಜೀನ್ ಹಾಕುವ ಕೆಲಸ ರೋಗಿಗಳವರೆಗೂ ಹೋಗಿದೆ. 2017ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನಲ್ಲಿ ಬ್ರಯನ್ ಮಡೊ ಎಂಬ 44 ವರ್ಷದವರಿಗೆ ಒಂದು ಕಿಣ್ವ ಸರಿಯಾಗಿ ತಯಾರಾಗದ ಹುಟ್ಟುಕಾಯಿಲೆ ಹಂಟರ್ ಸಿಂಡ್ರೋಮ್‌ಗಾಗಿ ಮೈಯೊಳಗೇ ಈ ಕೆಲಸ ಮಾಡಿದರು. ಪಿತ್ತಜನಕಾಂಗ ಆಲ್ಬುಮಿನ್ ಪ್ರೋಟೀನನ್ನು ರಾಶಿ ರಾಶಿ ಮಾಡುತ್ತದೆ. ಅದರ ಸ್ವಿಚ್ಚಿನ ಪಕ್ಕ ಹೊಸ ಜೀನ್ ಕೂರಿಸಿದರೆ ಅದೂ ಓಡೀತು ಎಂಬ ಲೆಕ್ಕ, ನಮ್ಮ ಪ್ಯೂರೋಮೈಸಿನ್ ಉಪಾಯದ ಅಣ್ಣ ಅನ್ನಬಹುದು. ಬೇಕಾದಷ್ಟು ಕಿಣ್ವ ಬರಲಿಲ್ಲ. ಆದರೂ ಮೊದಲು ಮುಂದೆ ಬಂದ ಆ ಮನುಷ್ಯನ ಧೈರ್ಯಕ್ಕೆ ನನ್ನ ನಮಸ್ಕಾರ. ಅದೇ ವರ್ಷ ನ್ಯೂಯಾರ್ಕಿನಲ್ಲಿ ಮಿಷೆಲ್ ಸಡೆಲೇನ್ ಅವರ ತಂಡ, ಕ್ಯಾನ್ಸರ್ ಹುಡುಕುವ ಕಾರ್ ಎಂಬ ಜೀನನ್ನು, ರೋಗದ ವಿರುದ್ಧ ಹೋರಾಡುವ ಟಿ ಕೋಶದ ಸ್ವಂತ ರಿಸೆಪ್ಟರಿನ ಜಾಗದಲ್ಲೇ ಕೂರಿಸಿತು. ಇಲಿಗಳಲ್ಲಿ ಆ ಕೋಶಗಳು ಬೇಗ ಸುಸ್ತಾಗದೆ ಹೆಚ್ಚು ದಿನ ಹೋರಾಡಿದವು. ಕತ್ತರಿಸದೆಯೇ ಸೇರಿಸುವ ದಾರಿಯೂ ಬರುತ್ತಿದೆ. ಮೊದಲು ಡಿಎನ್‌ಎಯಲ್ಲಿ ಒಂದು ಚಿಕ್ಕ ಗುರುತು ಬರೆಯುವುದು, ಆಮೇಲೆ ಬಿಎಕ್ಸ್‌ಬಿ1 ಎಂಬ ಕಿಣ್ವ ಆ ಗುರುತಿಗೆ ಇಡೀ ಜೀನನ್ನು ಸೇರಿಸುವುದು. ಅಮ್ಮನಿಗೆ ಹೇಳಿದಾಗ, "ಮೊದಲು ಕಾಜಾ ಮಾಡ್ಕೊಂಡು ಆಮೇಲೆ ಗುಂಡಿ ಹಾಕಿದ ಹಾಗೆ" ಅಂದಳು. ಹೌದು, ಹಾಗೇ.

ಥಲಸ್ಸೀಮಿಯಾಕ್ಕೆ 2023ರ ಕೊನೆಯಲ್ಲಿ ಬ್ರಿಟನ್ನಿನಲ್ಲಿ ಕ್ರಿಸ್ಪರ್ ಚಿಕಿತ್ಸೆಗೇ ಅನುಮತಿ ಸಿಕ್ಕಿತು. ಅದರಲ್ಲಿ ಹೊಸ ಜೀನ್ ಹಾಕುವುದಿಲ್ಲ. ಒಂದು ಕಡೆ ಕತ್ತರಿಸಿ, ನಾವು ತಾಯಿಯ ಹೊಟ್ಟೆಯಲ್ಲಿದ್ದಾಗ ಓಡುತ್ತಿದ್ದ ಹಿಮೋಗ್ಲೋಬಿನ್ನನ್ನು ಮತ್ತೆ ಓಡಿಸುತ್ತಾರೆ. ಒಳ್ಳೆಯ ಉಪಾಯ. ಆದರೂ ನನ್ನ ಮನಸ್ಸು ಸ್ಮಿಥೀಸ್ ತೋರಿಸಿದ ದಾರಿಯ ಕಡೆಗೇ ಹೋಗುತ್ತದೆ. ಬೀಟಾ ಗ್ಲೋಬಿನ್ ಜೀನ್ ಕೆಡುವುದಕ್ಕೆ 200ಕ್ಕೂ ಹೆಚ್ಚು ಬೇರೆ ಬೇರೆ ತಪ್ಪುಗಳಿವೆ. ಒಂದೊಂದು ಕುಟುಂಬದಲ್ಲಿ ಒಂದೊಂದು. ಒಂದೊಂದು ತಪ್ಪಿಗೂ ಒಂದೊಂದು ಔಷಧಿ ಮಾಡುವುದು ಯಾವಾಗ? ಜೀನಿನ ಶುರುವಿನಲ್ಲೇ, ಅದರ ಸ್ವಂತ ಸ್ವಿಚ್ಚಿನ ಕೆಳಗೆ, ಒಂದು ಪೂರ್ತಿ ಒಳ್ಳೆ ಜೀನ್ ಕೂರಿಸಿದರೆ ಎಲ್ಲ ಕುಟುಂಬಕ್ಕೂ ಅದೇ ಸಾಕು. ಅಲ್ವಾ?

ಅಡ್ಡಿ ಇರುವುದು ರಕ್ತಕಣಗಳನ್ನು ಹುಟ್ಟಿಸುವ ರಕ್ತದ ಮೂಲ ಕೋಶಗಳಲ್ಲಿ. ಅವು ಹೆಕ್ ಥರ ದಿನಕ್ಕೊಂದು ಸಲ ಎರಡಾಗುವ ಕೋಶಗಳಲ್ಲ. ಮೂಳೆಯೊಳಗೆ ತಿಂಗಳುಗಟ್ಟಲೆ ನಿದ್ದೆ ಮಾಡುತ್ತವೆ. ನಿದ್ದೆ ಮಾಡುವ ಕೋಶ ಅಂಚು ಕೂಡಿಸುವ ರಿಪೇರಿ ಮಾಡುವುದಿಲ್ಲ. ಎಬ್ಬಿಸಿ ಮಾಡಿಸಿದರೆ ದಣಿದುಬಿಡುತ್ತವೆ. ಅದೇ ಬೀಟಾ ಗ್ಲೋಬಿನ್ ಕೆಟ್ಟು ಬರುವ ಸಿಕಲ್ ಸೆಲ್ ಕಾಯಿಲೆಗೆ ಈ ದಾರಿಯಲ್ಲೇ ಹೊರಟ ಅಮೆರಿಕದ ಒಂದು ಪ್ರಯೋಗವನ್ನು 2023ರ ಜನವರಿಯಲ್ಲಿ, ಮೊದಲ ರೋಗಿಯ ರಕ್ತಕಣಗಳು ಚೇತರಿಸಿಕೊಳ್ಳದ ಕಾರಣಕ್ಕೆ ನಿಲ್ಲಿಸಿದರು.

7 ಮತ್ತು 22ನೇ ಕ್ಲೋನ್‌ಗಳು ಈಗ ಲಿಕ್ವಿಡ್ ನೈಟ್ರೋಜನ್ ತೊಟ್ಟಿಯಲ್ಲಿವೆ, ಆರಾರು ಟ್ಯೂಬು. ಮುಂದಿನ ತಿಂಗಳಿಂದ ಲ್ಯಾಬಿನಲ್ಲಿ ರಕ್ತದ ಮೂಲ ಕೋಶಗಳ ಮೇಲೆ ಕೆಲಸ ಶುರು. ನಾನು ಕೇಳಿಕೊಂಡು ಆ ತಂಡಕ್ಕೆ ಸೇರಿದ್ದೇನೆ. ಪ್ರೈಮರುಗಳನ್ನು ಈಗಾಗಲೇ ಬರೆಸಿದ್ದೇನೆ, ಎರಡು ಬದಿಗೂ, ಮಾರ್ಜಿನ್ನಿನ ಆಚೆಗೆ. ಜೂನ್ ಹತ್ತಿರ ಬರುತ್ತಿದೆ. ಅಮ್ಮ ನಿನ್ನೆ ಆ ಹುಡುಗನ ಹೊಸ ಅಳತೆ ತೆಗೆದುಕೊಂಡಳಂತೆ. ಉದ್ದ ಒಂದಿಂಚು ಬೆಳೆದಿದ್ದಾನೆ.